ತಲೆನೋವಿಗೆ ದಿನಾ ಗುಳಿಗೆ: ಯಾವುದು, ಎಷ್ಟು, ಯಾರಿಗೆ?

ಪ್ರಶ್ನೆ: ನನಗೆ 44 ವರ್ಷ. ಅಂಕೋಲಾ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹದಿನೈದು ವರ್ಷದಿಂದ ತಲೆನೋವು ಇದೆ. ಮೊದಲೆಲ್ಲ ತಿಂಗಳಿಗೆ ಎರಡು ಮೂರು ಸಲ ಬರುತ್ತಿತ್ತು. ತಲೆಯ ಒಂದೇ ಬದಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆಳಕು, ಸದ್ದು ಆಗುತ್ತಿರಲಿಲ್ಲ. ವಾಂತಿಯಾಗಿ ಕತ್ತಲೆಯಲ್ಲಿ ಮಲಗಿದರೆ ಇಳಿಯುತ್ತಿತ್ತು. ಅತ್ತೆ ಅದನ್ನು ಪಿತ್ತ ಎನ್ನುತ್ತಾರೆ. ಈಗ ಒಂದು ವರ್ಷದಿಂದ ಹೆಚ್ಚುಕಡಿಮೆ ದಿನಾ ತಲೆ ಭಾರ. ಬೆಳಿಗ್ಗೆ ಏಳುವಾಗಲೇ ಇರುತ್ತದೆ. ಚಾ ಜೊತೆ ಒಂದು ಸಾರಿಡಾನ್ ತಗೊಂಡು ಶಾಲೆಗೆ ಹೋಗುತ್ತೇನೆ. ಜಾಸ್ತಿಯಾದರೆ ಕಾಂಬಿಫ್ಲಾಮ್, ತಡೆಯಲಾಗದಿದ್ದರೆ ವ್ಯಾಸೋಗ್ರೇನ್. ಎರಡು ವರ್ಷದಿಂದ ಬಿಪಿ ಇದೆ. ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಔಷಧಿ ಎರಡೂ ಇರುವ ಗುಳಿಗೆ ತಗೊಳ್ಳುತ್ತೇನೆ. ಇಷ್ಟು ಗುಳಿಗೆ ತಿಂದರೆ ಕಿಡ್ನಿ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. 13 ವರ್ಷದ ಮಗಳಿಗೂ ಈಗ ತಲೆನೋವು ಶುರುವಾಗಿದೆ. ನನ್ನ ಗುಳಿಗೆಯಲ್ಲೇ ಅರ್ಧ ಕೊಡುತ್ತೇನೆ. ದಿನಾ ತಗೊಂಡರೂ ತೊಂದರೆಯಾಗದ ಗುಳಿಗೆ ಯಾವುದು, ತಿಳಿಸುತ್ತೀರಾ?

ಉತ್ತರ: ಅಕ್ಕೋರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕುಮಟಾದಲ್ಲಿ ನಾನು ಫಿಜಿಷಿಯನ್ ಆಗಿ ಕೂತು ಇಪ್ಪತ್ತು ವರ್ಷ ದಾಟಿತು. "ಡಾಕ್ಟ್ರೇ, ಕಿಡ್ನಿಗೆ ಏನೂ ಆಗದ ತಲೆನೋವಿನ ಗುಳಿಗೆ ಒಂದು ಬರ್ಕೊಡಿ" ಎಂದು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನಾ ತಗೊಂಡರೂ ಏನೂ ಆಗದ ನೋವಿನ ಗುಳಿಗೆ ಇಲ್ಲ. ವಾರಕ್ಕೆ ಒಂದೆರಡು ದಿನ ತಗೊಂಡರೆ ಹೆಚ್ಚಿನವರಿಗೆ ತೊಂದರೆ ಮಾಡದ ಗುಳಿಗೆ ಇದೆ. ಅದು ಯಾವುದು ಎಂದು ಮುಂದೆ ಬರೆಯುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದ ಒಂದು ವಿಷಯವಿದೆ. ಒಂದು ವರ್ಷದಿಂದ ನಿಮಗೆ ದಿನಾ ಬರುತ್ತಿರುವ ತಲೆನೋವು ಬಹುಶಃ ಆ ಗುಳಿಗೆಗಳಿಂದಲೇ ಬರುತ್ತಿದೆ.

ಇದನ್ನು ಕೇಳಿದಾಗ ಎದುರಿಗೆ ಕೂತವರಿಗೆ ಸಿಟ್ಟು ಬರುವುದನ್ನು ನೋಡಿದ್ದೇನೆ. ನೋವು ಇದೆ ಅಂತ ಗುಳಿಗೆ ತಗೊಂಡರೆ ಗುಳಿಗೆಯಿಂದಲೇ ನೋವು ಅಂತೀರಲ್ಲ ಎನ್ನುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮಗೆ ಹದಿನೈದು ವರ್ಷದಿಂದ ಇರುವುದು ಅರೆತಲೆನೋವು, ಅಂದರೆ ಮೈಗ್ರೇನ್. ನೀವು ಬರೆದ ಲಕ್ಷಣಗಳು ಅದಕ್ಕೇ ಹೊಂದುತ್ತವೆ. ನಿಮ್ಮ ಅತ್ತೆ ನೋಡಿದ್ದು ತಪ್ಪಲ್ಲ. ವಾಂತಿಯಲ್ಲಿ ಹಳದಿ ಬಣ್ಣದ ಕಹಿ ನೀರು ಬರುತ್ತದೆ, ಬಂದ ಮೇಲೆ ತಲೆ ಹಗುರವಾಗುತ್ತದೆ. ಹಾಗಾಗಿ ಪಿತ್ತ ತಲೆಗೇರಿತ್ತು, ಈಗ ಇಳಿಯಿತು ಎಂದು ನಮ್ಮ ಕಡೆ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ಶುರುವಾಗುವುದು ಹೊಟ್ಟೆಯಲ್ಲಲ್ಲ, ಮಿದುಳಿನಲ್ಲಿ. ಮುಖ ಮತ್ತು ತಲೆಗೆ ಹೋಗುವ ಒಂದು ದೊಡ್ಡ ನರ ಕೆರಳುತ್ತದೆ, ಮಿದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ನೋವು ಹುಟ್ಟುತ್ತದೆ. ಅದೇ ಹೊತ್ತಿಗೆ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಊಟ ಕೆಳಗೆ ಇಳಿಯುವುದಿಲ್ಲ, ವಾಕರಿಕೆ ಬರುತ್ತದೆ. ಹೊಟ್ಟೆ ಖಾಲಿ ಇದ್ದಾಗ ವಾಂತಿಯಾದರೆ ಪಿತ್ತರಸವೇ ಬರುತ್ತದೆ, ಅಷ್ಟೆ. ಅತ್ತೆಯ ಹತ್ತಿರ ವಾದ ಮಾಡಬೇಡಿ. ಆದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುವ ಅಭ್ಯಾಸ ಮನೆಯಲ್ಲಿದ್ದರೆ ಅದನ್ನು ಮಾತ್ರ ಬಿಡಿ. ಮೈಯ ನೀರು ಸುಮ್ನೆ ಹೋಗುತ್ತದೆ. ಬಿಪಿ ಗುಳಿಗೆ ತಗೊಳ್ಳುವ ನಿಮಗೆ ಅದು ಒಳ್ಳೆಯದಲ್ಲ.

ಅರೆತಲೆನೋವಿನ ಮಿದುಳು ಹುಟ್ಟಿನಿಂದಲೇ ಸ್ವಲ್ಪ ಸೂಕ್ಷ್ಮ. ಅರಬೈಲು ಘಟ್ಟ ಹತ್ತುವ ಬಸ್ಸಿನಲ್ಲಿ ಚಿಕ್ಕಂದಿನಲ್ಲಿ ನಿಮಗೆ ವಾಂತಿ ಬರುತ್ತಿತ್ತಾ? ಇಂಥವರಲ್ಲಿ ಬಹಳ ಜನ ಹೌದು ಎನ್ನುತ್ತಾರೆ. ಊಟ ತಪ್ಪಿದರೆ, ನಿದ್ದೆ ಕೆಟ್ಟರೆ, ಏಪ್ರಿಲ್ ಬಿಸಿಲಲ್ಲಿ ಕಡಲ ಕಡೆಯಿಂದ ಬರುವ ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ, ಮುಟ್ಟಿನ ದಿನ ಹತ್ತಿರ ಬಂದರೆ ಅದು ಕೆರಳುತ್ತದೆ. ನಿಮ್ಮ ವಯಸ್ಸಿನಲ್ಲಿ ಹಾರ್ಮೋನಿನ ಏರಿಳಿತ ಜಾಸ್ತಿ, ಹಾಗಾಗಿ ಕೆಲವರಿಗೆ ನಲವತ್ತರ ನಂತರ ನೋವು ಹೆಚ್ಚುತ್ತದೆ. ಸಂಕಷ್ಟಿ ಮಾಡುವವರನ್ನೂ ನೋಡಿ. ಚಂದ್ರ ಕಾಣುವ ತನಕ ಉಪವಾಸ, ಕೆಲವರಿಗೆ ಚಾ ಕೂಡ ಇಲ್ಲ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ. ಹಸಿವು ಒಂದು ಕಾರಣ, ಚಾದಿಂದ ದಿನಾ ಮೈಗೆ ಸೇರುವ ಕೆಫೀನ್ ಅಂದು ಸಿಗಲಿಲ್ಲ ಎನ್ನುವುದು ಇನ್ನೊಂದು. ಉಪವಾಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಲು, ಬಾಳೆಹಣ್ಣು, ಎಳನೀರು ನಡೆಯುತ್ತದಾದರೆ ಮಧ್ಯಾಹ್ನ ತಗೊಳ್ಳಿ ಎನ್ನುತ್ತೇನೆ.

ಇಂಥ ಸೂಕ್ಷ್ಮ ಮಿದುಳಿಗೆ ನೋವಿನ ಗುಳಿಗೆ ಪದೇ ಪದೇ ಸಿಕ್ಕರೆ ಅದು ಅದಕ್ಕೆ ಒಗ್ಗಿಕೊಳ್ಳುತ್ತದೆ. ಗುಳಿಗೆಯ ಪ್ರಭಾವ ಇಳಿದ ಕೂಡಲೇ ನೋವು ಮತ್ತೆ ಎದ್ದು ನಿಲ್ಲುತ್ತದೆ. ನಿಮಗೆ ಬೆಳಿಗ್ಗೆ ಏಳುವಾಗಲೇ ತಲೆ ಭಾರ ಇರುವುದಕ್ಕೆ ಇದೊಂದು ಕಾರಣ ಇರಬಹುದು. ರಾತ್ರಿಯಿಡೀ ಗುಳಿಗೆ ಸಿಕ್ಕಿಲ್ಲ, ಕೆಫೀನೂ ಸಿಕ್ಕಿಲ್ಲ. ನೀವು ಚಾ ಮತ್ತು ಸಾರಿಡಾನ್ ಎರಡನ್ನೂ ಒಟ್ಟಿಗೆ ಕೊಡುತ್ತೀರಿ, ತಲೆ ಸುಮ್ಮನಾಗುತ್ತದೆ. ಮರುದಿನ ಮತ್ತೆ ಅದೇ. ಮಂಡಿನೋವಿಗೆ ವರ್ಷಗಟ್ಟಲೆ ಇದೇ ಗುಳಿಗೆ ತಿನ್ನುವವರಿಗೆ, ಮೊದಲು ತಲೆನೋವಿನ ಕಾಯಿಲೆ ಇಲ್ಲದಿದ್ದರೆ, ಸಾಮಾನ್ಯವಾಗಿ ಹೀಗಾಗುವುದಿಲ್ಲ. ತಲೆನೋವಿನ ಸ್ವಭಾವ ಇರುವವರಿಗೇ ಇದು ಗಂಟು ಬೀಳುತ್ತದೆ.

ಇದಕ್ಕೆ ವೈದ್ಯರು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥ ಒಂದೇ ಔಷಧಿ ಇರುವ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಗೊಂಡರೆ ಅಪಾಯ. ಎರಡು ಮೂರು ಔಷಧಿ ಬೆರೆಸಿದ ಗುಳಿಗೆ, ಇಲ್ಲವೇ ಅರೆತಲೆನೋವಿಗೆಂದೇ ಇರುವ ಎರ್ಗೋಟಮೈನ್, ಟ್ರಿಪ್ಟಾನ್ ಆದರೆ 10 ದಿನಕ್ಕೇ ಅಪಾಯ. ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ದಿನನಿತ್ಯದ ತಲೆನೋವು ಬರಬಹುದು. ಇಲ್ಲಿ ಎಣಿಸಬೇಕಾದದ್ದು ಗುಳಿಗೆಯನ್ನಲ್ಲ, ದಿನಗಳನ್ನು. ಒಂದು ದಿನ ಸಾರಿಡಾನ್, ಮರುದಿನ ಕಾಂಬಿಫ್ಲಾಮ್, ಆಮೇಲೆ ವ್ಯಾಸೋಗ್ರೇನ್ ಎಂದು ಬದಲಾಯಿಸಿದರೂ ಮೂರು ದಿನ ಅಂದರೆ ಮೂರು ದಿನವೇ. ನಿಮ್ಮ ಲೆಕ್ಕ ತಿಂಗಳಿಗೆ 25 ದಿನವಾದರೂ ಆಗುತ್ತದೆ.

ಈಗ ಗುಳಿಗೆಗಳ ವಿಷಯಕ್ಕೆ ಬರುತ್ತೇನೆ. ಹೆಸರು ನೂರಾರು, ಆದರೆ ಒಳಗಿರುವ ಔಷಧಿ ಕೆಲವೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನೀವು ಓದಬಲ್ಲವರು, ಓದುವ ಅಭ್ಯಾಸ ಮಾಡಿಕೊಳ್ಳಿ.

ತಲೆನೋವಿಗೆ ಮೊದಲು ಕೈ ಹಾಕಬೇಕಾದದ್ದು ಪ್ಯಾರಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಡೋಲೊ ಇವೆಲ್ಲದರ ಮುಖ್ಯ ಔಷಧಿ ಅದೇ. ಸರಿಯಾದ ಅಳತೆಯಲ್ಲಿ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು ಮಾಡುವುದಿಲ್ಲ, ಕಿಡ್ನಿಗೂ ಬೇರೆ ನೋವಿನ ಗುಳಿಗೆಗಳಷ್ಟು ಭಾರವಲ್ಲ. ಬಿಪಿ ಇರುವವರಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ನಾವು ಇದನ್ನೇ ಮೊದಲು ಕೊಡುತ್ತೇವೆ. ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ. ಇನ್ನೊಂದು ಬೇಕೆಂದರೆ ಮಧ್ಯೆ ಆರು ಗಂಟೆ ಬಿಡಿ, ಕನಿಷ್ಠ ನಾಲ್ಕಾದರೂ. ದಿನಕ್ಕೆ 4000 ಮಿಲಿಗ್ರಾಂ ಎನ್ನುವುದು ದಾಟಲೇಬಾರದ ಗೆರೆ. ನಾನು ನನ್ನ ರೋಗಿಗಳಿಗೆ 3000ಕ್ಕೆ ನಿಲ್ಲಿಸಿ ಎನ್ನುತ್ತೇನೆ. ಮೈತೂಕ ಬಹಳ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ.

ಗೊತ್ತಿಲ್ಲದೇ ಈ ಗೆರೆ ದಾಟುವುದು ಹೇಗೆ ಎಂದರೆ, ಜ್ವರ ಮತ್ತು ತಲೆನೋವಿಗೆ ಡೋಲೊ 650 ದಿನಕ್ಕೆ ನಾಲ್ಕು ತಗೊಂಡಿರುತ್ತಾರೆ. ಅದು 2600. ಮೂಗು ಸೋರುತ್ತದೆ ಎಂದು ಮೂರು ಸಲ ನೆಗಡಿ ಗುಳಿಗೆ. ಹೆಚ್ಚಿನ ನೆಗಡಿ ಗುಳಿಗೆಯಲ್ಲಿ ಪ್ಯಾರಸಿಟಮಾಲ್ ಇರುತ್ತದೆ, ಒಂದರಲ್ಲಿ 500 ಎಂದರೂ 1500. ಒಟ್ಟು 4100 ಆಯಿತು. ಎರಡೂ ಬೇರೆ ಬೇರೆ ಗುಳಿಗೆ ಎಂದು ಅವರ ನಂಬಿಕೆ. ಮೊದಲ ಒಂದೆರಡು ದಿನ ಲಿವರ್ ಏನೂ ಹೇಳುವುದೂ ಇಲ್ಲ. ಆಮೇಲೆ ತಡವಾಗಿರುತ್ತದೆ.

ಇನ್ನೊಂದು ತಪ್ಪು ಇದಕ್ಕೆ ತಿರುಗುಮುರುಗು. ಹೆದರಿಕೆಯಿಂದ ಅರ್ಧ ಗುಳಿಗೆ ನುಂಗುವುದು. ದೊಡ್ಡವರಿಗೆ 250 ಮಿಲಿಗ್ರಾಂ ಪ್ಯಾರಸಿಟಮಾಲ್ ಸಾಲುವುದಿಲ್ಲ. ನೋವು ಹೋಗಲಿಲ್ಲ ಎಂದು ಎರಡು ಗಂಟೆ ಬಿಟ್ಟು ಬೇರೆ ಯಾವುದೋ ಗುಳಿಗೆ, ರಾತ್ರಿ ಇನ್ನೊಂದು. ನೋವು ಶುರುವಾದ ಕೂಡಲೇ ಪೂರ್ತಿ ಡೋಸ್ ಒಂದೇ ಸಲ ತಗೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅರೆತಲೆನೋವಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಹೊಟ್ಟೆ ನಿಧಾನವಾದ ಮೇಲೆ ನುಂಗಿದ ಗುಳಿಗೆ ಅಲ್ಲೇ ಕೂತಿರುತ್ತದೆ. ಅದಕ್ಕೇ ವಾಕರಿಕೆ ನಿಲ್ಲಿಸುವ ಗುಳಿಗೆಯನ್ನೂ ಜೊತೆಗೆ ಬರೆದುಕೊಡುತ್ತೇವೆ.

ಎರಡನೇ ಗುಂಪು ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್. ಬ್ರೂಫೆನ್, ವೊವೆರಾನ್, ಜೆರೋಡಾಲ್, ಮೆಫ್ಟಾಲ್, ಡಿಸ್ಪ್ರಿನ್ ಎಂದರೆ ನಿಮಗೆ ಬೇಗ ಗುರುತು ಸಿಗುತ್ತದೆ. ನಿಮ್ಮ ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೇನ್ ಮತ್ತು 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಇವು ಕೆಟ್ಟ ಔಷಧಿಗಳಲ್ಲ. ಬಿಪಿ, ಕಿಡ್ನಿ, ಹೃದಯ, ಹೊಟ್ಟೆ ಎಲ್ಲ ಸರಿ ಇರುವ ಮೂವತ್ತು ವರ್ಷದವರಿಗೆ ಅರೆತಲೆನೋವು ಬಂದರೆ ಊಟದ ನಂತರ ಒಂದು ಐಬುಪ್ರೊಫೇನ್ ಚೆನ್ನಾಗಿ ಕೆಲಸ ಮಾಡುತ್ತದೆ. ನಾನೇ ಬರೆದುಕೊಡುತ್ತೇನೆ.

ಆದರೆ ನಿಮಗೆ ಬೇಡ. ಪಕ್ಕದ ಮನೆಯವರು ಹೇಳಿದ ಕಿಡ್ನಿಯ ಮಾತು ಇಲ್ಲಿ ಬರುತ್ತದೆ. ಎಲ್ಲ ಗುಳಿಗೆಯೂ ಕಿಡ್ನಿಗೆ ಹೊಡೆಯುತ್ತದೆ ಎನ್ನುವುದು ಸುಳ್ಳು. ನಿಮ್ಮ ಈ ಜೋಡಣೆಯಲ್ಲಿ ಮಾತ್ರ ಅವರ ಭಯ ಸರಿ. ಕಿಡ್ನಿಯೊಳಗೆ ರಕ್ತ ಹರಿಯುವ ಸಣ್ಣ ನಾಳಗಳನ್ನು ತೆರೆದಿಡುವ ಕೆಲವು ರಾಸಾಯನಿಕಗಳು ನಮ್ಮ ಮೈಯಲ್ಲಿವೆ. ಈ ಗುಂಪಿನ ಗುಳಿಗೆಗಳು ನೋವು ಕಡಿಮೆ ಮಾಡುವುದೇ ಆ ರಾಸಾಯನಿಕಗಳನ್ನು ತಡೆದು. ಟೆಲ್ಮಿಸಾರ್ಟಾನ್ ಕಿಡ್ನಿಯೊಳಗಿನ ಒತ್ತಡವನ್ನು ಇಳಿಸುತ್ತದೆ, ಅದು ಒಳ್ಳೆಯದಕ್ಕೇ. ಮೂತ್ರ ಹೆಚ್ಚಿಸುವ ಔಷಧಿ ಮೈಯ ನೀರು ಕಡಿಮೆ ಮಾಡುತ್ತದೆ. ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಹೋಗುವ ರಕ್ತ ಸಾಲದೇ ಹೋಗಬಹುದು. ವಾಂತಿ ಭೇದಿ ಆದ ದಿನ, ಮೇ ತಿಂಗಳ ಬೆವರಿನಲ್ಲಿ ಅಪಾಯ ಇನ್ನೂ ಜಾಸ್ತಿ. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲಲ್ಲಿ ದುಡಿಯುವವರು ನನ್ನಲ್ಲಿಗೆ ಬರುತ್ತಾರೆ. ಬಿಪಿ ಗುಳಿಗೆ ಇದ್ದು, ಬೆವರು ಸುರಿದು, ಮೈಕೈ ನೋವಿಗೆ ದಿನಾ ಡೈಕ್ಲೊಫೆನಾಕ್ ನುಂಗಿದ ಒಬ್ಬರ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಅಂಶ, ಒಂದು ವಾರದಲ್ಲಿ ಏರಿತ್ತು. ಗುಳಿಗೆ ನಿಲ್ಲಿಸಿ, ನೀರು ಕೊಟ್ಟು ನೋಡಿಕೊಂಡೆವು. ಮೊದಲಿನಂತೆ ಆದರು. ಬೇಗ ಬಂದದ್ದರಿಂದ ಆದರು.

ನಮ್ಮ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಅಳಿದೇ ಹೋಗಿದ್ದು ಇದೇ ಡೈಕ್ಲೊಫೆನಾಕ್‌ನಿಂದ. ಆ ಔಷಧಿ ಕೊಟ್ಟ ದನಗಳು ಸತ್ತಾಗ ಅವುಗಳನ್ನು ತಿಂದು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರ ಕಿಡ್ನಿ ಅಷ್ಟು ನಾಜೂಕಲ್ಲ, ಹೆದರಬೇಡಿ. ಆದರೂ ಆ ಹಕ್ಕಿಗಳ ಕಥೆ ತಿಳಿದ ಮೇಲೆ ಈ ಗುಳಿಗೆಯನ್ನು ಸಸಾರವಾಗಿ ನೋಡಲು ನನಗೆ ಆಗಿಲ್ಲ.

ಈ ಗುಂಪು ಬಿಪಿಯನ್ನೂ ಏರಿಸುತ್ತದೆ. ಈ ಒಂದು ವರ್ಷದಲ್ಲಿ ಬಿಪಿ ಹತೋಟಿಗೆ ಬರುತ್ತಿಲ್ಲ ಎಂದು ನಿಮ್ಮ ಡೋಸ್ ಹೆಚ್ಚಿಸಿದ್ದಾರಾ? ಹಾಗಿದ್ದರೆ ತಲೆನೋವಿನ ಗುಳಿಗೆಗಳ ಲೆಕ್ಕವನ್ನು ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಹೆಚ್ಚಿನವರು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಔಷಧಿಯೇ ಅಲ್ಲ ಎನ್ನುವ ಭಾವನೆ.

ಗ್ಯಾಸಿನ ಗುಳಿಗೆ ಜೊತೆಗೆ ತಗೊಂಡರೆ ಏನೂ ಆಗಲ್ಲ ಎನ್ನುವವರಿದ್ದಾರೆ. ಅದು ಹೊಟ್ಟೆಯನ್ನು ಸ್ವಲ್ಪ ಕಾಯುತ್ತದೆ, ಕಿಡ್ನಿ ಮತ್ತು ಬಿಪಿಯನ್ನಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ಲ, ಸೇಫ್ ಎನ್ನುವುದೂ ಸರಿಯಲ್ಲ. ಔಷಧಿ ರಕ್ತದ ಮೂಲಕವೇ ಹೊಟ್ಟೆಯ ಒಳಪದರಕ್ಕೂ ಕಿಡ್ನಿಗೂ ತಲುಪುತ್ತದೆ.

ಸಾರಿಡಾನ್‌ನಲ್ಲಿ 250 ಮಿಲಿಗ್ರಾಂ ಪ್ಯಾರಸಿಟಮಾಲ್, 150 ಮಿಲಿಗ್ರಾಂ ಪ್ರೊಪಿಫೆನಜೋನ್, 50 ಮಿಲಿಗ್ರಾಂ ಕೆಫೀನ್ ಇವೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿದಾಗ ಇದೂ ಸುದ್ದಿಯಲ್ಲಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟ ಮೇಲೆ ಮಾರಾಟ ಮುಂದುವರಿದಿದೆ. ಎಂದೋ ಒಂದು ದಿನ ತಗೊಂಡವರಿಗೆ ಹೆಚ್ಚಿನಂಶ ಏನೂ ಆಗುವುದಿಲ್ಲ. ಪ್ರೊಪಿಫೆನಜೋನ್ ಕೆಲವರಿಗೆ ಅಲರ್ಜಿ ತರುತ್ತದೆ. ನನ್ನ ಮುಖ್ಯ ತಕರಾರು ಕೆಫೀನಿನ ಬಗ್ಗೆ. ಕೆಫೀನ್ ನೋವಿನ ಗುಳಿಗೆಯ ಶಕ್ತಿ ಹೆಚ್ಚಿಸುತ್ತದೆ, ನಿಜ. ಆದರೆ ದಿನಾ ತಗೊಂಡರೆ ಅದೇ ಕಟ್ಟಿಹಾಕುತ್ತದೆ. ಪ್ಯಾರಸಿಟಮಾಲ್ ಒಂದೇ ಸಾಕಾಗುವ ಕಡೆ ಮೂರು ಔಷಧಿ ಯಾಕೆ?

ವ್ಯಾಸೋಗ್ರೇನ್ ಅಂತೂ ಇವತ್ತೇ ನಿಲ್ಲಿಸಬೇಕು. ಅದರಲ್ಲಿರುವ ಎರ್ಗೋಟಮೈನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಅದನ್ನು ತಗೊಳ್ಳಬಾರದು. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಬಿದ್ದರೆ ಕೈಕಾಲಿನ ಬೆರಳಿಗೆ ರಕ್ತ ಹೋಗದ ಸ್ಥಿತಿ ಬರಬಹುದು. ಇದು ಚೀಟಿ ಇಲ್ಲದೇ ಕೊಡಬಾರದ ಗುಳಿಗೆ. ಸಿಗುತ್ತಿದೆ ಎನ್ನುವುದು ನನ್ನ ಬಹುಕಾಲದ ಬೇಸರ.

ಮಗಳ ವಿಷಯ. ದಯವಿಟ್ಟು ನಿಮ್ಮ ಗುಳಿಗೆಯಲ್ಲಿ ಅರ್ಧ ಕೊಡಬೇಡಿ. ಸಾರಿಡಾನ್, ವ್ಯಾಸೋಗ್ರೇನ್ ಎರಡೂ ಅವಳಿಗಲ್ಲ. ಆಸ್ಪಿರಿನ್ ಇರುವ ಗುಳಿಗೆಯನ್ನು 16 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ವೈರಸ್ ಜ್ವರದ ಹೊತ್ತಿನಲ್ಲಿ ಅದು ಮಿದುಳು ಮತ್ತು ಲಿವರಿಗೆ ಅಪರೂಪದ ಆದರೆ ಭಯಂಕರವಾದ ರೈ ಸಿಂಡ್ರೋಮ್ ತರಬಹುದು. ಮಕ್ಕಳಿಗೆ ಪ್ಯಾರಸಿಟಮಾಲನ್ನು ತೂಕದ ಮೇಲೆ ಕೊಡುತ್ತೇವೆ. ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಅವಳು 36 ಕಿಲೋ ಇದ್ದರೆ 360ರಿಂದ 540, ಅಂದರೆ 500ರ ಒಂದು ಗುಳಿಗೆ. ಆದರೆ ಗುಳಿಗೆಗಿಂತ ಮೊದಲು ಅವಳು ಬೆಳಿಗ್ಗೆ ಏನು ತಿಂದು ಹೋಗುತ್ತಾಳೆ ಎಂದು ನೋಡಿ. ಶಾಲೆಯಲ್ಲಿ ನೀರು ಕುಡಿಯುತ್ತಾಳಾ ಎಂದು ಕೇಳಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಎಷ್ಟೋ ಹೆಣ್ಣುಮಕ್ಕಳು ಸಂಜೆ ತನಕ ನೀರೇ ಕುಡಿಯುವುದಿಲ್ಲ. ನೀವು ಶಿಕ್ಷಕಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಣ್ಣು ಒಮ್ಮೆ ತೋರಿಸಿ, ಆದರೆ ಕನ್ನಡಕವೇ ಪರಿಹಾರ ಎಂದುಕೊಳ್ಳಬೇಡಿ. ತಾಯಿಗೆ ಅರೆತಲೆನೋವು ಇದ್ದರೆ ಮಗಳಿಗೂ ಬರುವ ಸಾಧ್ಯತೆ ಜಾಸ್ತಿ. ಮಕ್ಕಳಲ್ಲಿ ನೋವು ಹಣೆಯ ಎರಡೂ ಬದಿ ಇರಬಹುದು, ಹೊಟ್ಟೆನೋವು ಜೊತೆಗಿರಬಹುದು. ಒಂದು ನಿದ್ದೆ ತೆಗೆದರೆ ಅರ್ಧ ಗುಣ.

ಜ್ವರದ ಜೊತೆ ತಲೆನೋವು ಬಂದರೆ ನಮ್ಮ ಜಿಲ್ಲೆಯಲ್ಲಿ ಲೆಕ್ಕ ಬೇರೆಯೇ. ಮಳೆಗಾಲದಲ್ಲಿ ಡೆಂಗಿ ಇದೆ. ಗದ್ದೆ ಕೆಸರಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಇದೆ. ಸಿದ್ದಾಪುರ, ಹೊನ್ನಾವರ ಕಡೆಯ ಕಾಡಿನಂಚಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣ್ಣೆ ಹುಳ ಕಚ್ಚುವುದರಿಂದ ಬರುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಈ ಮೂರೂ ಶುರುವಾಗುವುದು ಜ್ವರ, ಜೋರು ತಲೆನೋವು, ಮೈಕೈ ನೋವಿನಿಂದ. ಡೆಂಗಿ ಮತ್ತು ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯ, ಇಲಿಜ್ವರದಲ್ಲಿ ಕಿಡ್ನಿಯ ಭಯ. ಆದ್ದರಿಂದ ರಕ್ತಪರೀಕ್ಷೆ ಆಗುವ ತನಕ ಪ್ಯಾರಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಗುಳಿಗೆಯೂ ಬೇಡ. ಆಸ್ಪಿರಿನ್, ಬ್ರೂಫೆನ್, ಡೈಕ್ಲೊಫೆನಾಕ್ ಇಂಜೆಕ್ಷನ್ ಯಾವುದೂ ಬೇಡ. ಸೊಪ್ಪಿಗೆ, ತರಗೆಲೆಗೆ ಕಾಡಿಗೆ ಹೋಗಿಬಂದಿದ್ದರೆ ಡಾಕ್ಟರಿಗೆ ಅದನ್ನು ಮೊದಲು ಹೇಳಬೇಕು. ನಿಮ್ಮ ಶಾಲೆಯ ಮಕ್ಕಳ ಮನೆಯವರಿಗೂ ಇಷ್ಟು ತಿಳಿಸಿದರೆ ದೊಡ್ಡ ಉಪಕಾರ.

ಹಾಗೆಯೇ ಕೆಲವು ತಲೆನೋವಿಗೆ ಗುಳಿಗೆ ಹುಡುಕುತ್ತಾ ಕೂರಬಾರದು. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ವಿಪರೀತಕ್ಕೆ ಹೋದ ನೋವು. ಮಾತು ತೊದಲುವುದು, ಬಾಯಿ ಸೊಟ್ಟ, ಒಂದು ಬದಿ ಕೈಕಾಲು ಸೋಲುವುದು. ಜ್ವರದ ಜೊತೆ ಕುತ್ತಿಗೆ ಬಗ್ಗದಿರುವುದು. ತಲೆಗೆ ಪೆಟ್ಟು ಬಿದ್ದ ನಂತರದ ನೋವು. ಕಣ್ಣು ಕೆಂಪಾಗಿ ದೃಷ್ಟಿ ಮಸುಕಾಗುವುದು. ಐದು ತಿಂಗಳು ದಾಟಿದ ಗರ್ಭಿಣಿಗೆ ಹೊಸದಾಗಿ ತಲೆನೋವು. ಐವತ್ತರ ನಂತರ ಮೊದಲ ಸಲ ಶುರುವಾದ ನೋವು. ಇವಕ್ಕೆ ನೇರ ಆಸ್ಪತ್ರೆ. ಪಾರ್ಶ್ವವಾಯುವಿನಲ್ಲಿ ರಕ್ತದ ಗಂಟು ಕರಗಿಸುವ ಔಷಧಿ ಕೊಡಲು ಸಿಗುವುದು ನಾಲ್ಕೂವರೆ ಗಂಟೆ ಮಾತ್ರ. ನಮ್ಮ ಜಿಲ್ಲೆಯಿಂದ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಹೋಗುವ ದಾರಿಯಲ್ಲೇ ಅದರ ದೊಡ್ಡ ಪಾಲು ಕಳೆಯುತ್ತದೆ. ಒಂದು ಗುಳಿಗೆ ಕೊಟ್ಟು ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ.

ನಿಮ್ಮ ಪತ್ರದಲ್ಲಿ ಇಂಥ ಲಕ್ಷಣ ಯಾವುದೂ ಕಾಣಲಿಲ್ಲ. ಆದರೂ ತಲೆನೋವಿನ ಸ್ವರೂಪ ಬದಲಾಗಿದೆ, ಅದಕ್ಕಾಗಿ ಒಮ್ಮೆ ಡಾಕ್ಟರಿಂದ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಬಿಪಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದಲ್ಲಿ ಪ್ರೊಟೀನ್ ನೋಡಿಸಿ. ಈ ಪರೀಕ್ಷೆಗಳು ತಾಲೂಕು ಮಟ್ಟದಲ್ಲೇ ಆಗುತ್ತವೆ. ತಲೆನೋವು ಬಂದಾಗಲೆಲ್ಲ ಬಿಪಿ ಏರಿದೆ ಎಂದು ನೀವೇ ಬಿಪಿ ಗುಳಿಗೆ ಹೆಚ್ಚು ಮಾಡಬೇಡಿ, ಬಿಡಲೂ ಬೇಡಿ. ಬಿಪಿ ಬಹಳ ಏರದ ಹೊರತು, ಹೆಚ್ಚುಕಡಿಮೆ 180/120 ದಾಟದ ಹೊರತು, ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ನೋವು ಇದ್ದಾಗ ಅಳೆದರೆ ನೋವಿನಿಂದಲೇ ಸ್ವಲ್ಪ ಜಾಸ್ತಿ ತೋರಿಸುತ್ತದೆ.

ಈ ಚಕ್ರದಿಂದ ಹೊರಗೆ ಬರುವ ದಾರಿ ಇದೆ, ಆದರೆ ಮೊದಲ ಕೆಲವು ದಿನ ಕಷ್ಟ. ಕಾಂಬಿಫ್ಲಾಮ್ ಇಂದೇ ಬಿಡಬೇಕು, ಸಾರಿಡಾನನ್ನು ಒಂದು ದಿನ ಗೊತ್ತು ಮಾಡಿ ಪೂರ್ತಿ ಬಿಡಬೇಕು. ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ತಲೆನೋವು ಈಗಿನದಕ್ಕಿಂತ ಜಾಸ್ತಿ ಆಗಬಹುದು. ವಾಕರಿಕೆ, ನಿದ್ದೆ ಬಾರದಿರುವುದು, ಕಿರಿಕಿರಿ ಇರುತ್ತದೆ. ಹೆಚ್ಚಿನವರು ಇಲ್ಲೇ ಸೋತು ಮತ್ತೆ ಗುಳಿಗೆಗೆ ಹೋಗುತ್ತಾರೆ. ದಾಟಿದವರಿಗೆ ಒಂದೆರಡು ತಿಂಗಳಲ್ಲಿ ದಿನನಿತ್ಯದ ಭಾರ ಇಳಿದು, ಮೊದಲಿನ ಹಾಗೆ ಎಂದೋ ಬರುವ ಅರೆತಲೆನೋವು ಮಾತ್ರ ಉಳಿಯುತ್ತದೆ. ಚಾ ಒಮ್ಮೆಲೇ ಬಿಡಬೇಡಿ, ದಿನಕ್ಕೆ ಎರಡು ಲೋಟಕ್ಕೆ ನಿಧಾನ ಇಳಿಸಿ. ನೋವಿನ ಗುಳಿಗೆಯ ಜೊತೆ ನಿದ್ದೆಯ ಗುಳಿಗೆ ಅಥವಾ ಟ್ರಮಡಾಲ್ ಎಂಬ ಜೋರು ನೋವಿನ ಔಷಧಿ ತಗೊಳ್ಳುವವರು ಮಾತ್ರ ಹೀಗೆ ತಾವಾಗಿಯೇ ನಿಲ್ಲಿಸಬಾರದು. ಅದನ್ನು ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಇದರ ಜೊತೆಗೆ ನೋವು ಬಾರದಂತೆ ತಡೆಯುವ ಔಷಧಿ ಶುರು ಮಾಡಬಹುದು. ಇವು ನೋವಿನ ಗುಳಿಗೆಗಳಲ್ಲ. ದಿನಾ ತಗೊಳ್ಳಬೇಕು, ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಹಳೆಯ, ಕಡಿಮೆ ಬೆಲೆಯ ಔಷಧಿ. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು ಇರುತ್ತದೆ. ಪ್ರೊಪ್ರನೊಲೊಲ್ ಬಿಪಿಗೂ ಅರೆತಲೆನೋವಿಗೂ ಆಗುತ್ತದೆ, ಆದರೆ ಅಸ್ತಮಾ ಇದ್ದರೆ ಬೇಡ. ಫ್ಲುನಾರಿಜಿನ್ ಕೊಟ್ಟರೆ ಕೆಲವರಿಗೆ ತೂಕ ಏರುತ್ತದೆ, ಮನಸ್ಸು ಕುಗ್ಗುವ ತೊಂದರೆ ಇದ್ದವರಿಗೆ ಸರಿಯಲ್ಲ. ಯಾವುದು ಎನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರ್ ನಿರ್ಧರಿಸಲಿ. ನಡುವೆ ಜೋರು ಅರೆತಲೆನೋವು ಬಂದರೆ, ಬಿಪಿ ಹತೋಟಿಯಲ್ಲಿದ್ದು ಹೃದಯ ಸರಿ ಇದ್ದರೆ ಟ್ರಿಪ್ಟಾನ್ ಗುಂಪಿನ ಗುಳಿಗೆ ಬರೆದುಕೊಡಬಹುದು, ಅದೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಲ್ಲ.

ಹಣೆಗೆ ಅಮೃತಾಂಜನ ಹಚ್ಚುವುದು, ತಲೆಗೆ ತಣ್ಣೀರು ಪಟ್ಟಿ, ಧನಿಯಾ ಜೀರಿಗೆ ಕಷಾಯ, ಮುರುಗಲು ಪಾನಕ, ಒಂದೆಲಗದ ತಂಬುಳಿ ಇವೆಲ್ಲ ಬೇಕಾದರೆ ಮಾಡಿ. ಯಾವುದರಿಂದಲೂ ಕೆಡುಕಿಲ್ಲ, ತಂಪಿನಿಂದ ಸಮಾಧಾನವೂ ಸಿಗುತ್ತದೆ. ಬಾಮ್ ಕೂಸುಗಳ ಮೂಗಿನ ಹತ್ತಿರ ಬೇಡ, ಕೈಗೆ ಸಿಗುವಂತೆ ಇಡಲೂ ಬೇಡ. ಅದರಲ್ಲಿರುವ ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಹೆಸರು, ಪಟ್ಟಿ ಏನೂ ಇಲ್ಲದ ಪೊಟ್ಟಣದ ಪುಡಿ ಮಾತ್ರ ಯಾರು ಕೊಟ್ಟರೂ ತಗೊಳ್ಳಬೇಡಿ. ಒಳಗೆ ಸ್ಟಿರಾಯ್ಡ್ ಇದೆಯೋ, ನೋವಿನ ಗುಳಿಗೆಯೇ ಪುಡಿಯಾಗಿದೆಯೋ ನಿಮಗೆ ತಿಳಿಯುವ ದಾರಿಯಿಲ್ಲ.

ಇವತ್ತಿನಿಂದ ಒಂದು ಕೆಲಸ ಮಾಡಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಒಂದು ಚುಕ್ಕೆ ಇಡಿ. ಗುಳಿಗೆ ತಗೊಂಡ ದಿನಕ್ಕೆ ಕೆಂಪು ಗೆರೆ ಹಾಕಿ, ಪಕ್ಕದಲ್ಲಿ ಗುಳಿಗೆಯ ಹೆಸರು. ಮುಟ್ಟಿನ ದಿನವನ್ನೂ ಗುರುತು ಮಾಡಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೂ ಮನೆಯಲ್ಲಿರುವ ಎಲ್ಲ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅರ್ಧ ಗಂಟೆಯ ಮಾತಿಗಿಂತ ಅದರಿಂದ ನಮಗೆ ಹೆಚ್ಚು ತಿಳಿಯುತ್ತದೆ.

ವ್ಯಾಸೋಗ್ರೇನ್ ಮತ್ತು ಕಾಂಬಿಫ್ಲಾಮ್‌ಗೆ ಕಾಯುವುದು ಬೇಡ, ಅವು ಇಂದೇ ನಿಲ್ಲಲಿ. ಸಾರಿಡಾನ್ ಬಿಡುವುದನ್ನು ಮಾತ್ರ ಶಾಲೆಯ ದಿನಗಳಲ್ಲಿ ಶುರು ಮಾಡಬೇಡಿ. ಮೂವತ್ತು ಮಕ್ಕಳ ಗಲಾಟೆಯ ನಡುವೆ ಆ ಮೊದಲ ವಾರ ದಾಟುವುದು ಆಗದ ಮಾತು. ದಸರಾ ರಜೆ ಬರುತ್ತದಲ್ಲ, ಅದರ ಮೊದಲ ದಿನ ಇಟ್ಟುಕೊಳ್ಳಿ. ಅದಕ್ಕೆ ಮೂರು ನಾಲ್ಕು ವಾರ ಮೊದಲೇ ಡಾಕ್ಟರನ್ನು ಕಂಡು ತಡೆಯುವ ಔಷಧಿ ಶುರುವಾಗಿರಲಿ. ಆ ವಾರ ಅಡುಗೆಯನ್ನು ಮನೆಯವರು ನೋಡಿಕೊಳ್ಳಲಿ, ನಿಮ್ಮ ಕೋಣೆ ಕತ್ತಲೆಯಾಗಿರಲಿ. ಯಾಕೆ ಎಂದು ಅತ್ತೆಗೂ ಮಗಳಿಗೂ ಮುಂಚೆಯೇ ಹೇಳಿಟ್ಟಿರಿ. ನವೆಂಬರ್ ಕೊನೆಗೆ ಆ ಕ್ಯಾಲೆಂಡರ್ ಹಾಳೆ ಹೇಗಿದೆ ಎಂದು ನನಗೆ ಮತ್ತೆ ಬರೆಯಿರಿ.